ಜಿಬ್ರಾಲ್ಟರಿನ ಮೂರನೆಯ ನಡೆ

ಈ ಉಪನ್ಯಾಸ ಮಾಲೆಯಲ್ಲಿ ಇಲ್ಲಿಯವರೆಗೆ ಕೋಟೆಯ ಬಗ್ಗೆ, ಶಾಸನಗಳ ಬಗ್ಗೆ, ದಾಸರ ಪದಗಳ ಬಗ್ಗೆ ಮಾತುಗಳಾಗಿವೆ. ನನ್ನನ್ನು ಕರೆಯಲು ಬಂದವರು, "ಟೀಚರ್, ಚೀನಾದ ಆ ಚೆಸ್ ಹುಡುಗಿ ಬಗ್ಗೆ ಯಾವಾಗ್ಲೂ ಹೇಳ್ತಿರ್ತೀರಲ್ಲ, ಅದನ್ನೇ ಮಾತಾಡ್ರಿ" ಎಂದರು. ಹೌದು, ಹೇಳುತ್ತಲೇ ಬಂದಿದ್ದೇನೆ. ಆದರೆ ನನ್ನನ್ನು ಹಿಡಿದಿರುವುದು ಆಕೆಯ ಇಡೀ ಜೀವನವಲ್ಲ, ಒಂದು ಆಟ. ಆ ಆಟದಲ್ಲಿ ಇರುವುದು ಐದೇ ನಡೆ. ಐದರಲ್ಲಿಯೂ ನನ್ನನ್ನು ಬಿಡದೆ ಕಾಡುವುದು ಮೂರನೆಯದು.

2017ರ ಫೆಬ್ರುವರಿ 2. ಸ್ಪೇನಿನ ತೆಂಕಣ ತುದಿಗಿರುವ ಜಿಬ್ರಾಲ್ಟರಿನಲ್ಲಿ ದೊಡ್ಡ ಪಂದ್ಯಾವಳಿ. ಹತ್ತನೆಯ ಸುತ್ತು, ಅದೇ ಕೊನೆಯದು. ಬಿಳಿ ಕಾಯಿಗಳ ಕಡೆ ಹೌ ಯಿಫಾನ್, ಆ ಹೊತ್ತಿಗೆ ನಾಲ್ಕು ಸಲ ಮಹಿಳಾ ವಿಶ್ವ ಚಾಂಪಿಯನ್. ಕರಿಯ ಕಡೆ ನಮ್ಮ ಆಂಧ್ರದ ಹುಡುಗ ಲಲಿತ್ ಬಾಬು, 2014ರಲ್ಲಿ ನಾರ್ವೆಯ ಟ್ರೊಮ್ಸೊ ಒಲಿಂಪಿಯಾಡಿನಲ್ಲಿ ಭಾರತಕ್ಕೆ ಕಂಚು ತಂದ ತಂಡದವನು. ಆಕೆ ತಡವಾಗಿ ಬಂದು ಕೂತಳು. ಮೊದಲ ನಡೆ, ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳು ಎರಡು ಮನೆ ಮುಂದೆ. ಎರಡನೆಯದು, ಅದರ ಪಕ್ಕದ ಒಂಟೆಯ ಮುಂದಿನ ಕಾಲಾಳು ಒಂದು ಮನೆ. ನಿನ್ನೆ ಆಟ ಕಲಿತ ಮಗುವಿಗೂ ಇದು ಗೊತ್ತು. ಬೋರ್ಡಿನ ಮೇಲೆ ಅತಿ ಬೇಗ ಮಾತ್ ಆಗುವ ದಾರಿ ಇದೇ. ಲಲಿತ್ ಕೂಡ ತನ್ನ ರಾಜನ ಮುಂದಿನ ಕಾಲಾಳನ್ನು ಸರಿಸಿ ಮಂತ್ರಿಗೆ ಓರೆದಾರಿ ಬಿಟ್ಟಿದ್ದ. ಇನ್ನು ಆ ಮಂತ್ರಿ ಅಂಚಿನ ಮನೆಗೆ ಬಂದು ನಿಂತರೆ ಸಾಕು, ಬಿಳಿಯ ರಾಜ ಕೂತಲ್ಲೇ ಮುಗಿದ.

ಈಗ ಮೂರನೆಯ ನಡೆ. ಸೋಲುವುದೇ ಬೇಕಿದ್ದರೆ ಆಕೆ ಏನೂ ಮಾಡಬೇಕಿರಲಿಲ್ಲ. ಬೋರ್ಡಿನ ಆ ತುದಿಯ ಕಾಲಾಳನ್ನು ಒಂದು ಮನೆ ತಳ್ಳಿದ್ದರೂ ಮರುನಡೆಗೆ ಮಾತ್. ಆಕೆ ತಳ್ಳಲಿಲ್ಲ. ತನ್ನ ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟಳು. ಅಲ್ಲಿ ಒಂದು ಮನೆ ಖಾಲಿಯಾಯಿತು. ಲಲಿತನ ಮಂತ್ರಿ ಬಂದು ಚೆಕ್ ಕೊಟ್ಟಾಗ ರಾಜ ಆ ಖಾಲಿ ಮನೆಗೆ ಹೋದ. ರಾಜನಿಗೆ ಹೋಗಲು ಇದ್ದದ್ದು ಅದೊಂದೇ ಮನೆ. ಆಮೇಲೆ ಐದನೆಯ ನಡೆ, ಲಲಿತ್ ಒಂದು ಕಾಲಾಳನ್ನು ಹೊಡೆದ, ಆಕೆ ಆಟ ಬಿಟ್ಟುಕೊಟ್ಟು ಎದ್ದಳು. ಎದ್ದಾಗ ಕಳೆದುಕೊಂಡಿದ್ದದ್ದು ಒಂದು ಕಾಲಾಳು ಮಾತ್ರ.

ಮರುದಿನ ಪತ್ರಿಕೆಗಳು ಬರೆದದ್ದು, ಬೇಕೆಂದೇ ಸೋತಳು ಎಂದು. ನಾನು ಆ ಆಟವನ್ನು ಮನೆಯ ಬೋರ್ಡಿನ ಮೇಲೆ ಇಟ್ಟು ನೋಡಿದ ರಾತ್ರಿ ನನಗೆ ಕಂಡದ್ದು ಬೇರೆ. ಬೇಕೆಂದೇ ಸೋಲುವವಳು ಮೂರನೆಯ ನಡೆಯಲ್ಲಿ ಬಾಗಿಲು ತೆರೆಯುವುದಿಲ್ಲ. ಆಕೆ ರಾಜನಿಗೆ ಬಾಗಿಲು ತೆರೆದಳು, ಮಾತ್ ಆಗಲು ಬಿಡಲಿಲ್ಲ, ತಾನಾಗಿ ಎದ್ದಳು. ಸೋಲಿಸಿಕೊಳ್ಳುವುದು ಒಂದು, ಶಸ್ತ್ರ ಕೆಳಗಿಡುವುದು ಇನ್ನೊಂದು. ಇದನ್ನು ಒಬ್ಬ ಸ್ನೇಹಿತರಿಗೆ ತೋರಿಸಿದೆ. ಅವರು ಒಳ್ಳೆಯ ಆಟಗಾರರು, ಒಪ್ಪಲಿಲ್ಲ. ಐದಾರು ವರ್ಷಕ್ಕೇ ಕಾಯಿ ಹಿಡಿದ ಕೈ ಅದು, ರಾಜನನ್ನು ಉಳಿಸುವುದು ಆ ಬೆರಳುಗಳಿಗೆ ಉಸಿರಾಟದ ಹಾಗೆ, ಯೋಚನೆ ಮಾಡಿ ಮಾಡಿದ್ದಲ್ಲ ಎಂದರು. ಇರಬಹುದು. ಆದರೆ ಬೆರಳು ತಾನಾಗಿ ಮಾಡಿದ್ದಾದರೂ ಅದರಲ್ಲಿ ಅರ್ಥವಿಲ್ಲವೆಂದು ನಾನು ಹೇಗೆ ಒಪ್ಪಲಿ?

ಆಕೆಗೆ ಕೋಪ ಬಂದದ್ದು ಯಾಕೆ ಎಂದು ಹೇಳಬೇಕು. ಒಂಬತ್ತು ಸುತ್ತುಗಳಲ್ಲಿ ಏಳು ಸುತ್ತು ಆಕೆಗೆ ಎದುರಾಗಿ ಬಂದು ಕೂತವರು ಹೆಂಗಸರು. ಅದು ಮುಕ್ತ ಪಂದ್ಯಾವಳಿ, ಗಂಡಸು ಹೆಂಗಸು ಭೇದವಿಲ್ಲ, ಆಕೆ ಅಷ್ಟು ದೂರ ಹೋದದ್ದೇ ಬಲವಾದ ಎಲ್ಲರ ಜೊತೆ ಆಡಲು. ಅಲ್ಲಿಯೂ ಯಾರೋ ತನ್ನನ್ನು ಹೆಂಗಸರ ಸಾಲಿಗೆ ತಳ್ಳುತ್ತಿದ್ದಾರೆ ಎಂದು ಆಕೆಗೆ ಅನಿಸಿತು. ಜೋಡಿ ಹಾಕುವುದು ಕಂಪ್ಯೂಟರು, ಅದರಲ್ಲಿ ಯಾರ ಕೈಯೂ ಇಲ್ಲ ಎಂದು ಸಂಘಟಕರು ಹೇಳಿದರು. ಆಟ ಬಿಟ್ಟೆದ್ದದ್ದಕ್ಕೆ ಆಕೆ ಅಭಿಮಾನಿಗಳ ಕ್ಷಮೆ ಕೇಳಿದಳು. ಆದರೆ ತನ್ನ ಅಸಮಾಧಾನವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ತನ್ನೊಬ್ಬಳ ಪ್ರಶ್ನೆಯಲ್ಲ, ಅಲ್ಲಿ ಆಡಿದ ಬೇರೆ ಹೆಂಗಸರದ್ದೂ ಹೌದು ಎಂದಳು.

ನಾನು ಗಣಿತದ ಟೀಚರು. ಲೆಕ್ಕ ಹಾಕದೆ ಇರಲು ಆಗಲಿಲ್ಲ. ಆಕೆಗೆ ಸಿಗಬಹುದಾದ ಎದುರಾಳಿಗಳಲ್ಲಿ ನಾಲ್ವರಿಗೆ ಒಬ್ಬರು ಹೆಂಗಸು ಎಂದು ಧಾರಾಳವಾಗಿಯೇ ಇಟ್ಟುಕೊಂಡೆ. ಜೋಡಿ ಚೀಟಿ ಎತ್ತಿದ ಹಾಗೆ ಬಿದ್ದರೆ, ಒಂಬತ್ತರಲ್ಲಿ ಏಳು ಅಥವಾ ಅದಕ್ಕೂ ಹೆಚ್ಚು ಸಲ ಹೆಂಗಸೇ ಸಿಗುವ ಸಂಭವ ಸುಮಾರು 745ಕ್ಕೆ ಒಂದು. ಆ ಅಂಕಿ ನೋಡಿ ನನಗೂ ರಕ್ತ ಬಿಸಿಯಾಯಿತು, ಆಕೆ ಎದ್ದದ್ದೇ ಸರಿ ಎಂದುಕೊಂಡೆ. ಎರಡು ದಿನ ಬಿಟ್ಟು ಯೋಚಿಸಿದಾಗ ಲೆಕ್ಕದ ಬುಡವೇ ಅಲ್ಲಾಡಿತು. ಸ್ವಿಸ್ ಪದ್ಧತಿಯಲ್ಲಿ ಚೀಟಿ ಎತ್ತುವುದಿಲ್ಲ. ಒಂದೇ ಅಂಕ ಗಳಿಸಿದವರನ್ನು ಒಟ್ಟಿಗೆ ಸೇರಿಸಿ, ರೇಟಿಂಗ್ ಪ್ರಕಾರ ಸಾಲು ಹಚ್ಚಿ, ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧವನ್ನು ಜೋಡಿಸುತ್ತಾರೆ. ಆಕೆಯ ರೇಟಿಂಗ್ ಆಗ 2650ರ ಆಸುಪಾಸು. ಅಲ್ಲೊಂದು ಇಲ್ಲೊಂದು ಅರ್ಧ ಅಂಕ ಜಾರಿತೆಂದರೆ ಆಕೆ ಬಂದು ಬೀಳುವುದು ನಡುವಿನ ಗುಂಪಿಗೆ, ಅಲ್ಲಿ ಎದುರಿಗೆ ಸಿಗುವವರು 2400, 2500ರ ಆಟಗಾರರು. ಲೋಕದ ಬಲವಾದ ಮಹಿಳಾ ಆಟಗಾರ್ತಿಯರು ಬಹುಮಟ್ಟಿಗೆ ಕೂತಿರುವುದೇ ಆ ಪಟ್ಟಿಯಲ್ಲಿ. ಅವರೆಲ್ಲ ಜಿಬ್ರಾಲ್ಟರಿಗೆ ಬಂದದ್ದೂ ಕಾರಣವಿಲ್ಲದೆ ಅಲ್ಲ. ಹೆಂಗಸರಿಗೆಂದೇ ದೊಡ್ಡ ಬಹುಮಾನ ಇಟ್ಟ ಮುಕ್ತ ಪಂದ್ಯಾವಳಿ ಅದು. ಆ ಬಹುಮಾನಕ್ಕೆ ಹೆಂಗಸರು ಬಂದರು, ಬಂದವರು ಆಕೆಗೆ ಎದುರಾದರು. ಹೆಂಗಸರಿಗೆ ಒಳ್ಳೆಯದಾಗಲೆಂದು ಇಟ್ಟ ಹಣವೇ ಆಕೆಯನ್ನು ಹೆಂಗಸರ ನಡುವೆ ಕೂಡಿಹಾಕಿತು. ಯಾರ ದುರುದ್ದೇಶವೂ ಇಲ್ಲದೆ ಹೀಗಾಯಿತು ಎಂಬುದೇ ನನಗೆ ಹೆಚ್ಚು ಕಷ್ಟದ ಸಂಗತಿ. ದುರುದ್ದೇಶ ಇದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಇಲ್ಲಿ ನನ್ನ ಮೇಷ್ಟ್ರ ನೆನಪು ಬರುತ್ತದೆ. ಆಲೂರು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಬಯಲಾಟಕ್ಕೆ ಮದ್ದಳೆ ಬಾರಿಸುತ್ತಿದ್ದವರು. ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಚದುರಂಗ. ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಆದವಾನಿಯ ಹತ್ತಿ ದಲ್ಲಾಳಿ ಒಬ್ಬರು, ಉರ್ದು ಮನೆಮಾತಿನವರು. ನೋಡಲು ಕೂರುತ್ತಿದ್ದ ಕಾಂಪೌಂಡರ್ ತೆಲುಗಿನವರು. ಮೇಷ್ಟ್ರ ಒಂಟೆ ಕಾಂಪೌಂಡರಿಗೆ ಶಕಟು, ದಲ್ಲಾಳಿಗೆ ಫೀಲು. ಫೀಲು ಎಂದರೆ ಅವರ ಭಾಷೆಯಲ್ಲಿ ಆನೆ. ಮೇಷ್ಟ್ರ ಆನೆಯೋ ಬೋರ್ಡಿನ ಮೂಲೆಯಲ್ಲಿ. ಹೀಗಾಗಿ "ಆನೆ ಹೋಯ್ತು" ಎಂದು ಯಾರಾದರೂ ಅಂದರೆ ಯಾರ ಆನೆ, ಯಾವ ಭಾಷೆಯ ಆನೆ ಎಂದು ನಾನು ಕಟ್ಟೆಯ ಕೆಳಗಿನಿಂದ ಕತ್ತು ಚಾಚಿ ನೋಡಬೇಕಾಗುತ್ತಿತ್ತು. ಆಟ ಕಲಿತದ್ದು ಹಾಗೆ. ಕಲ್ಯಾಣದ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚದುರಂಗದ ಆಟವಿದೆ, ಮೈಸೂರಿನ ಮುಮ್ಮಡಿಯವರು ಕುದುರೆ ನಡಿಗೆಯಲ್ಲಿ ಅರವತ್ತನಾಲ್ಕು ಮನೆ ತುಂಬಿಸುತ್ತಿದ್ದರು ಎಂಬುದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಒಮ್ಮೆ ನಾನು ಸೋಲುವುದು ಖಚಿತವಾದಾಗ ಕಾಯಿಗಳನ್ನು ಕಲಸಿ ಎದ್ದೆ. ಮೇಷ್ಟ್ರು ಬೈಯಲಿಲ್ಲ. ಕಾಯಿಗಳನ್ನೆಲ್ಲ ಮತ್ತೆ ಇದ್ದ ಜಾಗದಲ್ಲೇ ಇಟ್ಟರು, ಒಂದೂ ತಪ್ಪದೆ. ಆಮೇಲೆ ಕೇಳಿದರು: "ದ್ರೋಣ ಶಸ್ತ್ರ ಇಟ್ಟ. ಮಗ ಸತ್ತ ಅಂದ್ರು, ಇಟ್ಟ. ನೀನು ಯಾತಕ್ಕ ಇಟ್ಟಿ?" ನಮ್ಮ ಊರುಗಳಲ್ಲಿ ದ್ರೋಣನ ಆ ಪ್ರಸಂಗ ನೋಡದೆ ಬೆಳೆದವರು ಕಡಿಮೆ, ನಿಮಗೆ ವಿವರಿಸಬೇಕಾಗಿಲ್ಲ. ಕೇಳಿದ ಸುದ್ದಿ ಅರ್ಧ ಸುಳ್ಳು. ದ್ರೋಣನ ದುಃಖ ಮಾತ್ರ ಪೂರ್ತಿ ನಿಜ. ಹೌ ಯಿಫಾನಳ ಆಟ ನೋಡಿದ ರಾತ್ರಿ ಮೇಷ್ಟ್ರ ಆ ಪ್ರಶ್ನೆಯೇ ನನ್ನ ಕಿವಿಯಲ್ಲಿ ಇದ್ದದ್ದು. ಕಂಪ್ಯೂಟರು ಬೇಕೆಂದು ಮಾಡಿತು ಎಂಬ ಸುದ್ದಿ ಸುಳ್ಳಿರಬಹುದು. ಆಕೆಯ ನೋವು ಸುಳ್ಳೇ?

ಆಕೆಯ ಹಿಂದೆ ಒಂದು ಪರಂಪರೆ ಇದೆ, ಚುಟುಕಾಗಿ ಹೇಳಿಬಿಡುತ್ತೇನೆ. ದಶಕಗಳ ಕಾಲ ಮಹಿಳಾ ಪಟ್ಟ ಸೋವಿಯತ್ ದೇಶದ ಕೈಬಿಟ್ಟು ಹೋಗಿರಲಿಲ್ಲ. 1991ರಲ್ಲಿ ಮನಿಲಾದಲ್ಲಿ ಅದನ್ನು ಕಸಿದವಳು ಚೀನಾದ ಷಿಯೆ ಜುನ್, ಮಾಯಾ ಚಿಬುರ್ದಾನಿದ್ಜೆಯನ್ನು ಎಂಟೂವರೆ ಆರೂವರೆಯಿಂದ ಸೋಲಿಸಿ. ಷಿಯೆ ಜುನ್ ಚಿಕ್ಕಂದಿನಲ್ಲಿ ಆಡಿದ್ದು ಚೀನೀ ಚದುರಂಗ. ಹತ್ತನೆಯ ವಯಸ್ಸಿಗೆ ಬೀಜಿಂಗಿನ ಹುಡುಗಿಯರಲ್ಲಿ ಮೊದಲಿಗಳಾದಳು, ಆಮೇಲೆ ಕ್ರೀಡಾ ಇಲಾಖೆಯವರು ಅವಳನ್ನು ನಮ್ಮ ಈ ಚೆಸ್ಸಿಗೆ ತಂದರು. ಚೀನೀ ಚದುರಂಗದಲ್ಲಿ ರಾಣಿ ಇಲ್ಲ, ನಮ್ಮ ಮಂತ್ರಿಯಷ್ಟು ಬಲದ ಕಾಯಿಯೂ ಇಲ್ಲ. ರಾಜನ ಪಕ್ಕ ಇಬ್ಬರು ಸಲಹೆಗಾರರು, ಅರಮನೆಯ ಗೆರೆ ದಾಟುವಂತಿಲ್ಲ, ಓರೆಯಾಗಿ ಒಂದು ಹೆಜ್ಜೆ ಅಷ್ಟೇ. ಅಂಥ ಆಟದಿಂದ ಬಂದ ಹುಡುಗಿಗೆ ನೇರವಾಗಿಯೂ ಓರೆಯಾಗಿಯೂ ಬೋರ್ಡಿನ ಈ ಅಂಚಿನಿಂದ ಆ ಅಂಚಿಗೆ ಓಡುವ ಕಾಯಿಯೊಂದು ಕೈಗೆ ಸಿಕ್ಕಾಗ ಹೇಗನ್ನಿಸಿತೋ ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ. ಷಿಯೆ ಜುನ್ ತನ್ನ ಕೊನೆಯ ವಿಶ್ವ ಪಟ್ಟ ಗೆದ್ದದ್ದು 2000ರಲ್ಲಿ, ನಮ್ಮದೇ ದೆಹಲಿಯಲ್ಲಿ. ಫೈನಲ್‌ನಲ್ಲಿ ಎದುರಿಗಿದ್ದವಳೂ ಚೀನಾದವಳೇ, ಚಿನ್ ಕಾನ್‌ಯಿಂಗ್. ಆಮೇಲೆ ಝು ಚೆನ್, ಶು ಯುಹುವಾ, ಹೌ ಯಿಫಾನ್, ತಾನ್ ಝೊಂಗ್‌ಯಿ, ಜು ವೆನ್‌ಜುನ್. ಒಂದು ದೇಶದಿಂದ ಆರು ಜನ.

ಹೌ ಯಿಫಾನ್ ಹುಟ್ಟಿದ್ದು 1994ರಲ್ಲಿ, ಜಿಯಾಂಗ್ಸು ಪ್ರಾಂತದ ಶಿಂಗ್‌ಹುವಾ ಎಂಬ ಊರಲ್ಲಿ. 2008ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಗ್ರ್ಯಾಂಡ್‌ಮಾಸ್ಟರ್ ಆದಳು. ಅದಕ್ಕೂ ಮುಂಚೆ ಹೆಣ್ಣುಮಕ್ಕಳಲ್ಲಿ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಎಂಬ ದಾಖಲೆ ಯಾರದಿತ್ತು? ನಮ್ಮ ರಾಜ್ಯದ ಕೊನೇರು ಹಂಪಿಯದು, 2002ರಲ್ಲಿ, ಹದಿನೈದನೆಯ ವಯಸ್ಸಿಗೆ. ಹಂಪಿ ಎಂಬ ಹೆಸರು ಕೇಳಿದರೆ ನಮಗೆ ವಿರೂಪಾಕ್ಷನ ಗೋಪುರ ಕಣ್ಣಿಗೆ ಬರುತ್ತದೆ. ಬಹಳ ದಿನ ನಾನೂ ಹಾಗೇ ತಿಳಿದಿದ್ದೆ. ಚಾಂಪಿಯನ್ ಎಂಬ ಮಾತಿನ ಒಳಗಿಂದ ಅವಳ ತಂದೆ ಕಡೆದು ತೆಗೆದ ಹೆಸರಂತೆ ಅದು, ಆಮೇಲೆ ರಷ್ಯನ್ನರ ಹೆಸರಿನಂತೆ ಕೇಳಲೆಂದು ಇಂಗ್ಲಿಷಿನಲ್ಲಿ ಅದರ ಕಾಗುಣಿತ ಬದಲಿಸಿದರು. ತಂದೆ ಅಶೋಕ್ ರಸಾಯನಶಾಸ್ತ್ರದ ಉಪನ್ಯಾಸಕರು, ಮಗಳಿಗೆ ಕಲಿಸಲು ಕೆಲಸ ಬಿಟ್ಟವರು. ಹೌ ಯಿಫಾನ್ ದಾರಿಗೆ ಹಂಪಿ ಮತ್ತೆ ಮತ್ತೆ ಅಡ್ಡ ಬಂದಳು. 2008ರ ನಾಲ್ಚಿಕ್ ಸೆಮಿಫೈನಲ್, 2010ರ ಹಟಾಯ್ ಸೆಮಿಫೈನಲ್, ಕೊನೆಗೆ 2011ರಲ್ಲಿ ಅಲ್ಬೇನಿಯಾದ ಟಿರಾನಾದಲ್ಲಿ ವಿಶ್ವ ಪಟ್ಟದ ಮುಖಾಮುಖಿ. ಮೂರರಲ್ಲೂ ಹೌ ಗೆದ್ದಳು. ಟಿರಾನಾದಲ್ಲಿ ಹತ್ತು ಆಟಗಳ ಪಂದ್ಯ ಎಂಟಕ್ಕೇ ಮುಗಿಯಿತು, ಹೌಗೆ ಮೂರು ಗೆಲುವು, ಐದು ಡ್ರಾ, ಹಂಪಿಗೆ ಒಂದೂ ಗೆಲುವಿಲ್ಲ. ಆ ವಾರ ನಮ್ಮ ಮನೆಯಲ್ಲಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ಆದರೂ ಹಂಪಿಯ ಆಟದ ಬದುಕು ಅಲ್ಲಿಗೆ ನಿಲ್ಲಲಿಲ್ಲ. 1999ರಲ್ಲೇ ಅಹಮದಾಬಾದಿನ ಏಷ್ಯನ್ ಪಂದ್ಯಾವಳಿಯಲ್ಲಿ ಹನ್ನೆರಡು ವರ್ಷದೊಳಗಿನ ವಿಭಾಗವನ್ನು ಹುಡುಗರ ಜೊತೆ ಆಡಿ ಗೆದ್ದವಳು ಅವಳು. ಮಗಳು ಹುಟ್ಟಿದ ಮೇಲೆ ಮರಳಿ ಬಂದು 2019ರಲ್ಲಿ, ಮತ್ತೆ 2024ರಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದಳು. 2025ರ ಜುಲೈಯಲ್ಲಿ ಬಟುಮಿಯ ಮಹಿಳಾ ವಿಶ್ವಕಪ್ಪಿನಲ್ಲಿ ಒಂದು ಸೆಮಿಫೈನಲ್‌ನಲ್ಲಿ ಹಂಪಿ, ಇನ್ನೊಂದರಲ್ಲಿ ನಮ್ಮ ದೇಶದವಳೇ ಆದ ದಿವ್ಯಾ ದೇಶಮುಖ್, ಇಬ್ಬರೂ ಚೀನಾದವರನ್ನೇ ಸೋಲಿಸಿ ಫೈನಲ್ಲಿಗೆ ಬಂದರು. ಆ ದಿನ ನನಗೆ ಮೇಷ್ಟ್ರು ಇರಬೇಕಿತ್ತು ಅನ್ನಿಸಿತು.

ಹೌ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಲ್ವಿವ್‌ನಲ್ಲಿ ಪಟ್ಟ ಮರಳಿ ಪಡೆದ ಮೇಲೆ, ಚಾಂಪಿಯನ್ನಳ ಪಟ್ಟವನ್ನು ನಾಕೌಟ್ ಪಂದ್ಯಾವಳಿಗೆ ಒಡ್ಡುವ ಪದ್ಧತಿ ಒಪ್ಪದೆ ಆಕೆ ಮಹಿಳಾ ಪಟ್ಟದ ಸ್ಪರ್ಧೆಯಿಂದಲೇ ಹಿಂದೆ ಸರಿದಳು. ಜಿಬ್ರಾಲ್ಟರಿನ ಗಲಾಟೆಯಾದ ಅದೇ 2017ರಲ್ಲಿ ಸ್ವಿಟ್ಜರ್‌ಲೆಂಡಿನ ಬೀಲ್‌ನಲ್ಲಿ ಹತ್ತು ಜನರ ಪಂದ್ಯಾವಳಿ ನಡೆಯಿತು. ಒಂಬತ್ತು ಗಂಡಸರು, ಆಕೆಯೊಬ್ಬಳು. ಲೆಕೊ, ಪೊನೊಮಾರಿಯೊವ್‌ರಂಥ ಗ್ರ್ಯಾಂಡ್‌ಮಾಸ್ಟರುಗಳು, ನಮ್ಮ ಗುಂಟೂರಿನ ಹರಿಕೃಷ್ಣ ಎಲ್ಲರೂ ಅಲ್ಲಿದ್ದರು. ಒಂಬತ್ತಕ್ಕೆ ಆರೂವರೆ ಅಂಕ ತೆಗೆದು ಮೊದಲಿಗಳಾದವಳು ಆಕೆ. ಅದಾದ ಮೇಲೆ ಆಕ್ಸ್‌ಫರ್ಡಿಗೆ ಓದಲು ಹೋದಳು, 2020ರಲ್ಲಿ ಇಪ್ಪತ್ತಾರನೆಯ ವಯಸ್ಸಿಗೆ ಶೆನ್‌ಝೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು. ಬೀಲ್‌ನ ಗೆಲುವನ್ನು ತೋರಿಸಿ ಕೆಲವರು, ನೋಡಿ, ಆಕೆ ಕೇಳಿದ್ದು ಇದನ್ನೇ, ಕೊಟ್ಟಾಗ ಮಾಡಿ ತೋರಿಸಿದಳು ಎನ್ನುತ್ತಾರೆ. ಹೌದು. ಆದರೆ ಬೀಲ್‌ನ ಆ ಕುರ್ಚಿಯವರೆಗೆ ಆಕೆಯನ್ನು ತಂದದ್ದು ಯಾವುದು? ಚೀನಾದ ಹುಡುಗಿಯರ ತಂಡ, ಹುಡುಗಿಯರಿಗೆಂದೇ ಇಟ್ಟ ತರಬೇತಿ, ಷಿಯೆ ಜುನ್ ಗೆದ್ದುಕೊಟ್ಟ ಮಹಿಳಾ ಪಟ್ಟ. ಆ ಪ್ರತ್ಯೇಕ ಸಾಲು ಇಲ್ಲದಿದ್ದರೆ ಶಿಂಗ್‌ಹುವಾದ ಒಂದು ಮಗುವಿನ ಹೆಸರು ನಮಗೆ ಗೊತ್ತಾಗುತ್ತಿತ್ತೇ?

ಈ ವಾದದಲ್ಲಿ ಎರಡೂ ಕಡೆ ದೊಡ್ಡವರಿದ್ದಾರೆ. ಹಂಗೆರಿಯ ಜೂಡಿತ್ ಪೋಲ್ಗರ್ ಮಹಿಳಾ ಪಟ್ಟಕ್ಕೆ ಆಡಲೇ ಇಲ್ಲ, ಎಲ್ಲರ ನಡುವೆ ಆಡಿ ಲೋಕದ ಎಂಟನೆಯ ಸ್ಥಾನಕ್ಕೆ ಏರಿದಳು. ನಮ್ಮಲ್ಲಿ ರೋಹಿಣಿ ಖಾಡಿಲ್ಕರ್ 1976ರಲ್ಲಿ ಪುರುಷರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದಾಗ ಗದ್ದಲವೆದ್ದು ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಂಗಸರನ್ನು ಯಾವ ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಾವಳಿಯಿಂದಲೂ ತಡೆಯುವಂತಿಲ್ಲ ಎಂದರು. ಅಂದರೆ ಬಾಗಿಲು ತೆರೆದು ಐವತ್ತು ವರ್ಷವಾಗುತ್ತ ಬಂತು. ಆದರೂ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಎಂಬ ಬೇರೆ ಬಿರುದು ಇದೆ. ಅದಕ್ಕೆ 2300 ರೇಟಿಂಗ್ ಸಾಕು, ಗ್ರ್ಯಾಂಡ್‌ಮಾಸ್ಟರಿಗೆ 2500 ಬೇಕು. ಆ ಇನ್ನೂರರ ಅಂತರವನ್ನು ನೋಡಿದಾಗಲೆಲ್ಲ ನನಗೆ ಮುಖಕ್ಕೆ ಹೊಡೆದ ಹಾಗಾಗುತ್ತದೆ. ಹುಡುಗಿಯರ ಮಿದುಳಿಗೆ ಅಷ್ಟೇ ಎಂದು ಹೇಳುವವರು ಈಗಲೂ ಇದ್ದಾರೆ. ಅವರಿಗೆ ನಾನು ನಮ್ಮ ಮಾರ್ಕೆಟ್ ಯಾರ್ಡಿನ ಲೆಕ್ಕ ಹೇಳುತ್ತೇನೆ. ನೂರು ಚೀಲ ಹತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ಎಳೆ ಹುಡುಕಿ, ಐದು ಚೀಲದಲ್ಲಿ ಎಲ್ಲಕ್ಕಿಂತ ಉದ್ದದ ಎಳೆ ಹುಡುಕಿ, ಎರಡೂ ಒಂದೇ ಹೊಲದ ಹತ್ತಿಯಾದರೂ ನೂರು ಚೀಲದ ಎಳೆಯೇ ಉದ್ದ ಬರುತ್ತದೆ. ಜರ್ಮನಿಯ ಆಟಗಾರರ ಪಟ್ಟಿ ಇಟ್ಟುಕೊಂಡು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿತು. ಮೇಲಿನ ಸ್ತರದ ಗಂಡಸರಿಗೂ ಹೆಂಗಸರಿಗೂ ಇರುವ ಅಂತರದಲ್ಲಿ ಶೇಕಡಾ 96ರಷ್ಟನ್ನು ಆಡುವವರ ಸಂಖ್ಯೆಯೇ ವಿವರಿಸುತ್ತದೆ. ಹಾಗಾದರೆ ಮಾಡಬೇಕಾದ್ದು ಚೀಲಗಳನ್ನು ಹೆಚ್ಚಿಸುವುದು. ಹೆಚ್ಚಿಸುವುದು ಹೇಗೆ?

ಇದು ಬರೀ ಚೆಸ್ಸಿನ ಮಾತಲ್ಲ ಎಂದು ಇಲ್ಲಿ ಕೂತ ನಿಮಗೆ ಹೇಳಬೇಕಾಗಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಯಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಈ ಕಡೆ ಉಳಿದವು. ಅಂದಿನಿಂದ ನಾವು ಬೇಡುತ್ತ ಬಂದದ್ದು ಪ್ರತ್ಯೇಕ ಸಾಲನ್ನೇ. ಕನ್ನಡ ಮಾಧ್ಯಮದ ಶಾಲೆ, ಕನ್ನಡದ ಪುಸ್ತಕ, ಅಲ್ಪಸಂಖ್ಯಾತ ಭಾಷೆಯ ಶಿಕ್ಷಕರ ಹುದ್ದೆ, ಬೆಂಗಳೂರಿನ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ಕಲಮು. ಆ ಸಾಲು ಇರದಿದ್ದರೆ ನಾನು ಓದುತ್ತಿರಲಿಲ್ಲ, ನಿಮ್ಮೆದುರು ಈ ಭಾಷೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗೆಯೇ, ನಮ್ಮ ಮಕ್ಕಳು ಸುತ್ತು ಸುತ್ತಿಗೂ ನಮ್ಮ ಮಕ್ಕಳ ಜೊತೆಯೇ ಜೋಡಿಯಾಗಿ, ಹೊರಗಿನ ಬಲ ಎಷ್ಟೆಂದು ತಿಳಿಯದೆ ಬೆಳೆದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಈ ಎರಡನ್ನೂ ಒಂದೇ ಬಾಯಿಂದ ಹೇಳಬೇಕಾಗಿ ಬಂದಿದೆ.

ನನ್ನದೇ ಒಂದು ಮಾತು ಹೇಳುತ್ತೇನೆ. ನಾನು ಹದಿನಾರರವಳಿದ್ದಾಗ ಒಂದು ಊರಿನ ಪಂದ್ಯಾವಳಿಗೆ ಮೇಷ್ಟ್ರು ಕರೆದುಕೊಂಡು ಹೋದರು. ಹುಡುಗಿಯರಿಗೆ ಬೇರೆ ಮೇಜು. ಬಂದದ್ದು ನಾಲ್ಕು ಜನ. ಮೂರು ಆಟ ಗೆದ್ದೆ, ಮಧ್ಯಾಹ್ನಕ್ಕೆ ಮುಗಿಯಿತು, ಮುಚ್ಚಳದ ಸ್ಟೀಲ್ ಡಬ್ಬಿ ಕೊಟ್ಟರು. ಶಾಲೆಯ ಪಡಸಾಲೆಯಲ್ಲಿ ನಾನು ದಿನಾ ಸೋಲಿಸುತ್ತಿದ್ದ ಹುಡುಗ ಆಚೆ ಮೇಜಿನಲ್ಲಿ ಕತ್ತಲಾಗುವವರೆಗೆ ಆಡಿ ಎರಡನೆಯವನಾಗಿ ಮುಂದಿನ ಹಂತಕ್ಕೆ ಹೋದ. ನಾನು ಆ ಮೇಜಿಗೆ ಹೋಗಿ ಕೂರುತ್ತೇನೆ ಎನ್ನಲಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ಆ ಡಬ್ಬಿಯಲ್ಲಿ ನಾನು ಇವತ್ತಿಗೂ ಸಾಸಿವೆ ಇಡುತ್ತೇನೆ.

ಮುಂದೆ ನಾನೇ ಟೀಚರಾದೆ. ಕೋಸಿಗಿ ಕಡೆಯ ಒಂದು ಶಾಲೆ. ಶನಿವಾರ ಮಧ್ಯಾಹ್ನ ಐದು ಬೋರ್ಡು ಹಾಸುತ್ತಿದ್ದೆ. ಯಾರು ಬೇಕಾದರೂ ಕೂರಿ ಎಂದೆ. ಕೂತದ್ದು ಹುಡುಗರು. ಹುಡುಗಿಯರು ಕಂಬಕ್ಕೆ ಆತು ನೋಡುತ್ತಿದ್ದರು, ಕರೆದರೆ ನಗುತ್ತ ಹಿಂದೆ ಸರಿಯುತ್ತಿದ್ದರು. ಒಂದು ವರ್ಷ ಹೀಗೇ ಹೋಯಿತು. ಎರಡನೆಯ ವರ್ಷ ಎರಡು ಬೋರ್ಡು ಬೇರೆ ಮಾಡಿ, ಬೇವಿನ ಮರದ ಕೆಳಗೆ ಹಾಸಿ, ಇದು ಹುಡುಗಿಯರದು ಎಂದೆ. ಆ ಶನಿವಾರವೇ ಕಂಬ ಬಿಟ್ಟು ಬಂದರು. ದೀಪಾವಳಿಯ ಹೊತ್ತಿಗೆ ಹನ್ನೊಂದು ಜನ. ಹದಿನಾರನೆಯ ವಯಸ್ಸಿನಲ್ಲಿ ನನ್ನನ್ನು ಕಟ್ಟಿಹಾಕಿದ ಅದೇ ಪ್ರತ್ಯೇಕ ಮೇಜನ್ನು ನಾನೇ ಹಾಕಿದೆ, ಅದರಿಂದಲೇ ಆ ಮಕ್ಕಳು ಆಟ ಕಲಿತರು.

ಅವರಲ್ಲಿ ಒಬ್ಬಳು ಎಂಟನೆಯ ತರಗತಿಯವಳು. ಎರಡೇ ತಿಂಗಳಲ್ಲಿ ಬೇವಿನ ಮರದ ಕೆಳಗೆ ಅವಳಿಗೆ ಎದುರಿಲ್ಲ. ಬೋರ್ಡು ನೋಡದೆ ಹಿಂದಿನ ವಾರದ ಆಟವನ್ನು ಬಾಯಲ್ಲಿ ಹೇಳುತ್ತಿದ್ದಳು. ಒಂದು ದಿನ ಬಂದು, "ಟೀಚರ್, ನನ್ನ ಹುಡುಗರ ಸಾಲಿಗೆ ಹಾಕ್ರಿ" ಎಂದಳು. ನಾನು ತಕ್ಷಣ ಹೂಂ ಎನ್ನಲಿಲ್ಲ. ಅವಳು ಆ ಕಡೆ ಹೋದರೆ ಈ ಕಡೆಯ ಹತ್ತು ಜನಕ್ಕೆ ಕಲಿಸುವವರು ಯಾರು, ಈ ಸಾಲು ನಿಲ್ಲುತ್ತದೆಯೇ ಎಂದು ಯೋಚಿಸಿದೆ. "ಸಂಕ್ರಾಂತಿ ಆದ ಮ್ಯಾಲೆ ನೋಡೋಣವ್ವಾ" ಎಂದೆ. ಸಂಕ್ರಾಂತಿ ಆದ ಮೇಲೆ ಅವಳ ಊರಿಗೆ ಊರೇ ಗುಳೆ ಹೋಯಿತು. ನಿಮಗೆ ಗೊತ್ತಿದೆ, ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ಮನೆಗಳಿಗೆ ಆ ಕಾಲದಲ್ಲಿ ಬೀಗ ಬೀಳುತ್ತದೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ. ಹರಿಕೃಷ್ಣನ ಗುಂಟೂರು, ಚೆಸ್ ಆಟಗಾರ್ತಿ ಹಾರಿಕಾಳ ಗುಂಟೂರು, ಚೆಸ್ಸಿನ ಲೋಕಕ್ಕೆ ಗೊತ್ತಿರುವ ಗುಂಟೂರು. ನನ್ನ ಹುಡುಗಿ ಅಲ್ಲಿಗೆ ಹೋದದ್ದು ಕಾಯಿ ಬಿಡಿಸಲು. ಬೇಸಿಗೆಯಲ್ಲಿ ಊರವರು ಮರಳಿದರು, ಅವಳು ಶಾಲೆಗೆ ಮರಳಲಿಲ್ಲ. ಮುಂದಿನ ವರ್ಷ ಮದುವೆಯಾಯಿತೆಂದು ಕೇಳಿದೆ.

ಗುಳೆ ನನ್ನ ಕೈಯಲ್ಲಿರಲಿಲ್ಲ. ಮದುವೆಯೂ ಇರಲಿಲ್ಲ. ಆದರೆ ಸಂಕ್ರಾಂತಿಗೆ ಮುಂಚಿನ ನಾಲ್ಕು ಶನಿವಾರ ನನ್ನ ಕೈಯಲ್ಲಿತ್ತು. ಆ ನಾಲ್ಕು ಶನಿವಾರ ಅವಳು ಹುಡುಗರ ಸಾಲಿನಲ್ಲಿ ಕೂತು ಸೋತೋ ಗೆದ್ದೋ ಹೋಗಬಹುದಿತ್ತು. ನಾನು ಹುಡುಗಿಯರ ಸಾಲನ್ನು ಉಳಿಸಲು ಅವಳನ್ನು ತಡೆದೆ. ಜಿಬ್ರಾಲ್ಟರಿನ ಕಂಪ್ಯೂಟರಿಗೆ ಉದ್ದೇಶವಿರಲಿಲ್ಲ. ನನಗೆ ಇತ್ತು, ಒಳ್ಳೆಯ ಉದ್ದೇಶವೇ ಇತ್ತು. ಹೌ ಯಿಫಾನಳಿಗೆ ಐದು ನಡೆ ಆಡಿ ಎದ್ದು ಹೋಗುವ ದಾರಿ ಇತ್ತು, ಎದ್ದರೆ ಲೋಕವೆಲ್ಲ ಯಾಕೆ ಎಂದು ಕೇಳುತ್ತಿತ್ತು. ಈ ಹುಡುಗಿ ಎದ್ದದ್ದನ್ನು ಕೇಳಿದವರು ಯಾರು?

ಈಗ ನಮ್ಮ ಸಂಘದವರು ಮೇ ತಿಂಗಳಲ್ಲಿ ಮಕ್ಕಳ ಚದುರಂಗ ಪಂದ್ಯಾವಳಿ ಇಡುತ್ತಿದ್ದಾರೆ. ನಿಯಮಗಳನ್ನು ಬರೆದುಕೊಡಿ ಎಂದು ನನಗೆ ಹೇಳಿ ಮೂರು ವಾರವಾಯಿತು. ಎಲ್ಲ ಬರೆದಿದ್ದೇನೆ, ಸುತ್ತು ಎಷ್ಟು, ಹೊತ್ತು ಎಷ್ಟು, ಗಡಿಯಾರ ಇಲ್ಲದ ಮೇಜಿಗೆ ಏನು ಮಾಡಬೇಕು, ಎಲ್ಲ. ಒಂದು ಕಲಮು ಮಾತ್ರ ಖಾಲಿ ಬಿಟ್ಟಿದ್ದೇನೆ. ಹುಡುಗ ಹುಡುಗಿಯರು ಒಂದೇ ಸಾಲಿನಲ್ಲಿ ಆಡಬೇಕೇ? ಒಂದೇ ಸಾಲು ಎಂದು ಬರೆದರೆ ಎಷ್ಟು ಹುಡುಗಿಯರ ಅರ್ಜಿ ಬರುತ್ತದೆ, ಎಷ್ಟು ಜನ ಕಂಬಕ್ಕೆ ಆತು ನಿಲ್ಲುತ್ತಾರೆ? ಎರಡು ಸಾಲು ಎಂದು ಬರೆದರೆ, ಮಧ್ಯಾಹ್ನಕ್ಕೇ ಡಬ್ಬಿ ಹಿಡಿದು ಮನೆಗೆ ಹೋಗುವವಳು ಯಾರು? ಸಾಲು ಒಂದೇ ಇಟ್ಟು ಹುಡುಗಿಯರಿಗೆ ಬೇರೆ ಬಹುಮಾನ ಇಟ್ಟರೆ ಸಾಕೇ, ಜಿಬ್ರಾಲ್ಟರಿನಲ್ಲಿ ಮಾಡಿದ್ದೂ ಅದೇ ಅಲ್ಲವೇ? ಇಲ್ಲಿ ತಾಯಂದಿರಿದ್ದೀರಿ, ಟೀಚರುಗಳಿದ್ದೀರಿ, ಹಿಂದೆ ಬಾಗಿಲ ಹತ್ತಿರ ಮೂರು ನಾಲ್ಕು ಹೆಣ್ಣುಮಕ್ಕಳು ನಿಂತಿದ್ದೀರಿ. ಅವ್ವಾ, ನಿಮ್ಮಲ್ಲಿ ಆಟ ಬರುವವರು ಯಾರು? ನಿಯಮಗಳ ಆ ಖಾಲಿ ಕಲಮಿನಲ್ಲಿ ನಾನು ಏನು ಬರೆಯಲಿ?